ತಲೆಗೆಷ್ಟು?

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಹೆಸರು ‘ಪಿಆರ್ ಖರ್ಚು ಫೈನಲ್ 3’. ಕೆನಡಾಕ್ಕೆ ಪರ್ಮನೆಂಟ್ ರೆಸಿಡೆನ್ಸಿ ಹಾಕೋಣ ಅಂತ ನಾನು, ನನ್ನ ಹೆಂಡತಿ 2023ರ ದೀಪಾವಳಿ ಹೊತ್ತಿಗೆ ತೀರ್ಮಾನ ಮಾಡಿದಾಗ ಶುರುವಾದ ಶೀಟು ಅದು. ಇಬ್ಬರಿಗೂ ಐಇಎಲ್‌ಟಿಎಸ್ ಪರೀಕ್ಷೆ ಫೀಸು, ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್, ನಮ್ಮ ಡಿಗ್ರಿ ಅಲ್ಲಿನ ಡಿಗ್ರಿಗೆ ಸಮ ಅಂತ ಹೇಳುವ ಸರ್ಟಿಫಿಕೇಟ್, ಮಗಳ ಪಾಸ್‌ಪೋರ್ಟ್, ಪೊಲೀಸ್ ಕ್ಲಿಯರೆನ್ಸ್, ಮೆಡಿಕಲ್, ಬೆರಳಚ್ಚು. ಆಮೇಲೆ ಅಸಲಿ ಫೀಸು. ಸಾಫ್ಟ್‌ವೇರ್‌ನವರ ಚಟ ನಿಮಗೆ ಗೊತ್ತಲ್ಲ, ಪ್ರತಿ ಸಾಲಿಗೂ ಒಂದು ಬಣ್ಣ. ಕಟ್ಟಿದ್ದು ಹಸಿರು, ಕಟ್ಟಬೇಕಾದ್ದು ಹಳದಿ.

ಕೊನೆಯ ಸಾಲು ಮಾತ್ರ ಬೇರೆ ಜಾತಿಯದು. ಅದು ಖರ್ಚಲ್ಲ, ತೋರಿಸುವ ದುಡ್ಡು. ಅಲ್ಲಿಗೆ ಹೋಗಿ ಇಳಿದ ಮೇಲೆ ಕೆಲಸ ಸಿಗುವವರೆಗೆ ಹೊಟ್ಟೆ ಹೊರೆಯೋಕೆ ನಮ್ಮ ಹತ್ತಿರ ದುಡ್ಡಿದೆ ಅನ್ನೋದಕ್ಕೆ ಬ್ಯಾಂಕಿನ ಪತ್ರ. ಮೂರು ಜನರ ಕುಟುಂಬಕ್ಕೆ ಆಗ ಬೇಕಿದ್ದಿದ್ದು 21,055 ಕೆನಡಾ ಡಾಲರ್. ಡಾಲರಿಗೆ 61 ರೂಪಾಯಿ ಅಂದುಕೊಂಡರೆ ಹದಿಮೂರು ಲಕ್ಷದ ಹತ್ತಿರ. ಆರು ತಿಂಗಳ ಸರಾಸರಿ ಬ್ಯಾಲೆನ್ಸ್ ಕೂಡ ಕೊಡಬೇಕು. ಬೇರೆಯವರಿಂದ ಸಾಲ ತಂದು ತೋರಿಸುವ ಹಾಗಿಲ್ಲ.

ಇದನ್ನು ಅಪ್ಪಾಜಿಗೆ ಫೋನಿನಲ್ಲಿ ಹೇಳಿದೆ. ನಮ್ಮೂರು ಚನ್ನಗಿರಿ ತಾಲ್ಲೂಕು. ಮೂರು ಎಕರೆ ಅಡಿಕೆ ತೋಟ. ನಾನು ಬಿಇ ಓದಿದ್ದೂ ಅದರಿಂದಲೇ, ತಂಗಿ ಮದುವೆ ಆಗಿದ್ದೂ ಅದರಿಂದಲೇ. ಅಪ್ಪಾಜಿ ಕೇಳಿದ್ದು ಒಂದೇ ಪ್ರಶ್ನೆ.

‘ಅಲ್ಲೋ, ತ್ವಾಟ ಐತಲ್ಲ, ಅದನ್ನ ತೋರ್ಸಕ್ಕೆ ಬರಲ್ವಾ?’

‘ಇಲ್ಲ ಅಪ್ಪಾಜಿ. ಜಮೀನು, ಮನೆ ಯಾವುದೂ ಬರಲ್ಲ. ಬ್ಯಾಂಕಲ್ಲಿರೋ ದುಡ್ಡೇ ಆಗ್ಬೇಕು.’

‘ಹಂಗಾರೆ ಅವ್ರ ಲೆಕ್ಕದಾಗೆ ನಾವು ಏನೂ ಇಲ್ಲದೋರು ಅನ್ನು’ ಅಂತ ನಕ್ಕರು.

ನಾನೂ ನಕ್ಕೆ. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಒಬ್ಬ ಮನುಷ್ಯ ಇನ್ನೊಂದು ದೇಶಕ್ಕೆ ನೆಲೆಸೋಕೆ ಹೋಗುವಾಗ ಅವನ ತಲೆಗೆ ಇಷ್ಟು ಅಂತ ರೇಟು ಕಟ್ಟಿದ್ದು ಯಾವಾಗ, ಯಾರು, ಯಾಕೆ? ಶನಿವಾರ ಭಾನುವಾರ ಕೂತು ಓದುತ್ತಾ ಹೋದೆ. ಅಪ್ಪಾಜಿ ಎತ್ತಿದ ಪ್ರಶ್ನೆಗೆ 110 ವರ್ಷಗಳ ಹಿಂದೆ ವ್ಯಾಂಕೂವರ್ ಬಂದರಿನಲ್ಲಿ ಒಬ್ಬ ರೈತನ ಮೂಲಕ ಕೋರ್ಟಿನಲ್ಲೇ ಉತ್ತರ ಸಿಕ್ಕಿತ್ತು ಅಂತ ಗೊತ್ತಾಯಿತು. ಅದನ್ನು ಹೇಳೋಕೆ ಇದನ್ನು ಬರೆಯುತ್ತಿದ್ದೇನೆ.

ಐವತ್ತು ಸೆಂಟಿನಿಂದ ಶುರು

ಮೊದಲು ಅಮೆರಿಕದ ಕಥೆ, ಯಾಕಂದ್ರೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಅಲ್ಲೊಬ್ಬ ದೊಡ್ಡಪ್ಪನ ಮಗ ಇರುತ್ತಾನೆ. 1882ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿತು. ಹೊರದೇಶದಿಂದ ಹಡಗಿನಲ್ಲಿ ಬರುವ ಪ್ರತಿ ಪರದೇಶಿಗೆ 50 ಸೆಂಟ್ ತೆರಿಗೆ. ಅದಕ್ಕೆ ‘ಹೆಡ್ ಟ್ಯಾಕ್ಸ್’ ಅನ್ನೋ ಹೆಸರು ಬಿತ್ತು. ನಮ್ಮ ಮಾತಿನಲ್ಲಿ ತಲೆಗಂದಾಯ. ಕಟ್ಟಬೇಕಾದವರು ಹಡಗಿನವರು. ಅವರು ಅದನ್ನು ಟಿಕೆಟ್ಟಿನಲ್ಲಿ ಸೇರಿಸಿ ವಸೂಲಿ ಮಾಡಿಕೊಳ್ಳುತ್ತಿದ್ದರು. ಬಂದವರಲ್ಲಿ ಕಾಯಿಲೆ ಬಿದ್ದವರಿಗೆ, ದಿಕ್ಕಿಲ್ಲದವರಿಗೆ ನೆರವಾಗೋಕೆ ಈ ದುಡ್ಡು ಅನ್ನೋದು ಸರ್ಕಾರ ಕೊಟ್ಟ ಕಾರಣ. ಹಡಗು ಕಂಪನಿಗಳು ಕೋರ್ಟಿಗೆ ಹೋದವು. 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು.

ಒಮ್ಮೆ ಹಾಕಿದ ಗಂದಾಯ ಯಾವತ್ತಾದರೂ ಇಳಿದಿದ್ದನ್ನು ಕಂಡಿದ್ದೀರಾ? 50 ಸೆಂಟ್ ಒಂದು ಡಾಲರ್ ಆಯಿತು. 1903ರಲ್ಲಿ ಎರಡು, 1907ರಲ್ಲಿ ನಾಲ್ಕು, 1917ರಲ್ಲಿ ಎಂಟು. 1917ರ ಅದೇ ಕಾಯ್ದೆ ಏಷ್ಯಾದ ನಕಾಶೆಯ ಮೇಲೆ ಒಂದು ಗೆರೆ ಎಳೆದು, ಅದರೊಳಗಿನ ಜನ ಬರುವ ಹಾಗೇ ಇಲ್ಲ ಅಂತ ಹೇಳಿತು. ಭಾರತ ಆ ಗೆರೆಯ ಒಳಗಿತ್ತು. ಹೊರಗಿನವರಿಗೆ ಎಂಟು ಡಾಲರ್, ಒಳಗಿನವರು ಎಷ್ಟು ಕೊಟ್ಟರೂ ಇಲ್ಲ.

1924ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಅಲ್ಲಿಯವರೆಗೆ ನಿಮ್ಮನ್ನು ತೂಗಿ ನೋಡುವ ಕೆಲಸ ಹೆಚ್ಚಾಗಿ ನಡೆಯುತ್ತಿದ್ದದ್ದು ಅಲ್ಲಿನ ಬಂದರಿನಲ್ಲಿ. ಹೊಸ ಕಾಯ್ದೆ ಬಂದ ಮೇಲೆ ನಿಮ್ಮ ದೇಶದಲ್ಲೇ ಇರುವ ಅವರ ಕಾನ್ಸುಲೇಟಿಗೆ ಹೋಗಿ ಇಮಿಗ್ರಂಟ್ ವೀಸಾ ಪಡೆಯಬೇಕು. ಅರ್ಜಿಗೆ ಒಂದು ಡಾಲರ್, ವೀಸಾಕ್ಕೆ ಒಂಬತ್ತು, ಒಟ್ಟು ಹತ್ತು. ಇವತ್ತು ನಾವು ಊರಲ್ಲೇ ಕೂತು ದುಡ್ಡು ಕಟ್ಟಿ, ಊರಲ್ಲೇ ಕೂತು ‘ಇಲ್ಲ’ ಅನ್ನಿಸಿಕೊಳ್ಳುವ ಪದ್ಧತಿ ಗಟ್ಟಿಯಾಗಿದ್ದು ಅಲ್ಲಿಂದ.

160 ಎಕರೆಗೆ 10 ಡಾಲರ್, ಒಂದು ತಲೆಗೆ 500

ಈಗ ಕೆನಡಾ. ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ವರೆಗೆ ರೈಲು ಹಾಕುವಾಗ ಬೆಟ್ಟ ಕಡಿಯೋಕೆ, ಸುರಂಗಕ್ಕೆ ಮದ್ದಿಡೋಕೆ ಚೀನಾದಿಂದ ಹದಿನೈದು ಸಾವಿರದಷ್ಟು ಜನರನ್ನು ತರಿಸಿಕೊಂಡರು. ನೂರಾರು ಜನ ಅಲ್ಲೇ ಸತ್ತರು. 1885ರ ನವೆಂಬರ್‌ನಲ್ಲಿ ಕೊನೆಯ ಮೊಳೆ ಹೊಡೆದರು. ಅದೇ ವರ್ಷ ಚೀನಾದಿಂದ ಬರುವ ಪ್ರತಿಯೊಬ್ಬರಿಗೂ 50 ಡಾಲರ್ ತಲೆಗಂದಾಯ ಅಂತ ಕಾಯ್ದೆ ಬಂತು. ಕೆಲಸ ಮುಗಿದ ಮೇಲೆ ಗುತ್ತಿಗೆದಾರ ಗುರುತು ಹಿಡಿಯಲ್ಲ ಅಂತಾರಲ್ಲ, ಹಾಗೆ.

50 ಸಾಲದು ಅನ್ನಿಸಿ 1900ರಲ್ಲಿ 100 ಮಾಡಿದರು. ಅದೂ ಸಾಲದು ಅಂತ 1903ರಲ್ಲಿ 500. ಒಬ್ಬ ಚೀನೀ ಕೂಲಿಯವನ ಎರಡು ವರ್ಷದ ದುಡಿಮೆ ಅದು. ವ್ಯಾಪಾರಿಗಳು, ರಾಯಭಾರ ಕಚೇರಿಯವರು ಮುಂತಾದ ಕೆಲವರಿಗೆ ವಿನಾಯಿತಿ. ಅಂದರೆ ಕಟ್ಟಬೇಕಾದವರು ಕಟ್ಟಲಾಗದವರೇ.

ನಾನು ಇಲ್ಲಿ ಒಂದು ನಿಮಿಷ ನಿಂತೆ. ಯಾಕಂದ್ರೆ ಅದೇ ಕಾಲದಲ್ಲಿ ಅದೇ ಕೆನಡಾ ಸರ್ಕಾರ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. 1872ರ ಭೂಮಿ ಕಾಯ್ದೆಯ ಪ್ರಕಾರ ಪಶ್ಚಿಮದ ಬಯಲಿನಲ್ಲಿ ಉಳುಮೆ ಮಾಡ್ತೀನಿ ಅಂತ ಬಂದವರಿಗೆ 160 ಎಕರೆ ಕೊಡುತ್ತಿತ್ತು. ನೋಂದಣಿ ಫೀಸು 10 ಡಾಲರ್. ಯುರೋಪಿನಿಂದ ರೈತರನ್ನು ಕರೆತರುವ ಏಜೆಂಟರಿಗೆ ತಲೆಗೆ ಇಷ್ಟು ಅಂತ ಬೋನಸ್ ಬೇರೆ. ಒಂದು ತಲೆಗೆ ಸರ್ಕಾರವೇ ದುಡ್ಡು ಕೊಟ್ಟು ಕರೆಸಿಕೊಳ್ಳುತ್ತಿತ್ತು, ಇನ್ನೊಂದು ತಲೆಯಿಂದ 500 ಕಿತ್ತುಕೊಳ್ಳುತ್ತಿತ್ತು. ಬಂದರು ಬೇರೆ ಬೇರೆ ಇರಬಹುದು, ಖಜಾನೆ ಒಂದೇ.

ಆದರೂ ಜನ ಬಂದರು. ನೆಂಟರಿಷ್ಟರ ಹತ್ತಿರ ಸಾಲ ಮಾಡಿ ಬಂದರು. ಗಂಡ ಒಬ್ಬನೇ ಬಂದು ವರ್ಷಗಟ್ಟಲೆ ಸಾಲ ತೀರಿಸಿದ. ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಇನ್ನೊಂದು 500. ಹಾಗಾಗಿ ಬಹಳಷ್ಟು ಮನೆಗಳಲ್ಲಿ ಹೆಂಡತಿ ಮಕ್ಕಳು ಚೀನಾದಲ್ಲೇ ಉಳಿದರು. 1885ರಿಂದ 1923ರವರೆಗೆ ಸುಮಾರು 82,000 ಜನ ಈ ಗಂದಾಯ ಕಟ್ಟಿದರು. ಒಟ್ಟು ಸುಮಾರು 2.3 ಕೋಟಿ ಡಾಲರ್. 1923ರ ಜುಲೈ 1ರಂದು ಗಂದಾಯ ತೆಗೆದರು. ಔದಾರ್ಯದಿಂದ ಅಲ್ಲ, ಚೀನೀಯರು ಬರುವುದನ್ನೇ ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿದರು. ಜುಲೈ 1 ಕೆನಡಾದ ರಾಷ್ಟ್ರೀಯ ದಿನ. ಅಲ್ಲಿನ ಚೀನೀಯರು ಅದನ್ನು ಅವಮಾನದ ದಿನ ಅಂತ ಕರೆದು ಅಂಗಡಿ ಮುಚ್ಚುತ್ತಿದ್ದರು. ಆ ಕಾಯ್ದೆ ಹೋಗಿದ್ದು 1947ರಲ್ಲಿ.

ನಮ್ಮವರಿಗೆ ಬೇರೆ ಲೆಕ್ಕ

ಅದೇ ಹೊತ್ತಿಗೆ ಪಂಜಾಬಿನಿಂದಲೂ ಜನ ಬರತೊಡಗಿದ್ದರು. 1904ರಿಂದ 1908ರ ನಡುವೆ ಐದು ಸಾವಿರದಷ್ಟು ಜನ ಬಂದು ಬ್ರಿಟಿಷ್ ಕೊಲಂಬಿಯಾದ ಮರದ ಮಿಲ್ಲುಗಳಲ್ಲಿ ಕೆಲಸಕ್ಕೆ ಸೇರಿದರು. 1907ರ ಸೆಪ್ಟೆಂಬರ್‌ನಲ್ಲಿ ವ್ಯಾಂಕೂವರಿನಲ್ಲಿ ಏಷ್ಯಾದವರ ವಿರುದ್ಧ ದೊಡ್ಡ ಗಲಭೆ ನಡೆಯಿತು. ಭಾರತೀಯರನ್ನೂ ತಡೆಯಬೇಕು ಅಂತ ಒತ್ತಡ ಬಂತು.

ಆದರೆ ಒಂದು ತೊಡಕಿತ್ತು. ಭಾರತೀಯರು ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳು, ಕೆನಡಾ ಕೂಡ ಅದೇ ಸಾಮ್ರಾಜ್ಯದ ಭಾಗ. ‘ಭಾರತೀಯರು ಬರಬಾರದು’ ಅಂತ ಕಾಯ್ದೆಯಲ್ಲಿ ಬರೆದರೆ ಇಲ್ಲಿ ಭಾರತದಲ್ಲಿ ಬೆಂಕಿ ಹತ್ತುತ್ತದೆ ಅನ್ನೋ ಭಯ ಲಂಡನ್ನಿಗಿತ್ತು. ಹಾಗಾಗಿ 1908ರಲ್ಲಿ ಎರಡು ನಿಯಮ ಬಂದವು. ಎರಡರಲ್ಲೂ ಭಾರತದ ಹೆಸರಿಲ್ಲ.

ಮೊದಲನೆಯದು: ಹುಟ್ಟಿದ ಅಥವಾ ಪೌರತ್ವ ಇರುವ ದೇಶದಿಂದ ಎಲ್ಲೂ ನಿಲ್ಲದ ಒಂದೇ ಪ್ರಯಾಣದಲ್ಲಿ, ಅಲ್ಲೇ ಕೊಂಡ ನೇರ ಟಿಕೆಟ್ಟಿನಲ್ಲಿ ಬರಬೇಕು. ಕಲ್ಕತ್ತಾದಿಂದ ವ್ಯಾಂಕೂವರಿಗೆ ಹಾಗೆ ಬರುವ ದಾರಿಯನ್ನು ಸರ್ಕಾರ ಹಡಗು ಕಂಪನಿಯ ಮೂಲಕವೇ ಮುಚ್ಚಿಸಿತು. ಎರಡನೆಯದು: ಏಷ್ಯಾದಿಂದ ಬರುವವರ ಕೈಯಲ್ಲಿ 200 ಡಾಲರ್ ಇರಬೇಕು. ಜಪಾನಿನ ಜೊತೆ ಬೇರೆ ಒಪ್ಪಂದವಿತ್ತು, ಚೀನಾಕ್ಕೆ ತಲೆಗಂದಾಯವಿತ್ತು, ಅವರಿಗೆ ಈ ನಿಯಮ ತಾಗಲ್ಲ. ಇನ್ನುಳಿದವರು ಯಾರು? ಇತರ ವಲಸಿಗರಿಗೆ ಕೇಳುತ್ತಿದ್ದದ್ದು 25 ಡಾಲರ್.

ಪ್ರೋಗ್ರಾಮರ್ ಆಗಿ ಇದನ್ನು ಓದುವಾಗ ಒಂಥರಾ ಮೈ ಜುಮ್ಮೆಂದಿತು. ಹೆಸರನ್ನು ಹಾರ್ಡ್‌ಕೋಡ್ ಮಾಡಿಲ್ಲ. ಕಂಡೀಷನ್ ಬರೆದಿದ್ದಾರೆ ಅಷ್ಟೇ. ಇನ್‌ಪುಟ್ ಯಾವುದೇ ಕೊಡಿ, ಫಾಲ್ಸ್ ಬರೋದು ಒಬ್ಬನಿಗೆ ಮಾತ್ರ.

200 ಡಾಲರ್ ಅಂದರೆ ಎಷ್ಟು? ಆಗ ಒಂದು ಪೌಂಡಿಗೆ 15 ರೂಪಾಯಿ, ಒಂದು ಪೌಂಡಿಗೆ 4.86 ಡಾಲರ್. ಲೆಕ್ಕ ಹಾಕಿದರೆ 600 ರೂಪಾಯಿಗೂ ಮೇಲೆ. 1908ರ ಒಬ್ಬ ಪಂಜಾಬಿ ರೈತನ ಜೇಬಿನಲ್ಲಿ 600 ರೂಪಾಯಿ! ಜಮೀನು ಇರಬಹುದು, ಎತ್ತು ಇರಬಹುದು. ಆದರೆ ಹಡಗಿನಿಂದ ಇಳಿಯುವಾಗ ಜೇಬಿನಿಂದ ತೆಗೆದು ತೋರಿಸೋಕೆ ಬರುವುದು ರೊಕ್ಕ ಮಾತ್ರ. ವರ್ಷಕ್ಕೆ ಎರಡು ಸಾವಿರ ದಾಟಿದ್ದ ಭಾರತೀಯರ ಸಂಖ್ಯೆ ಮರುವರ್ಷವೇ ಬೆರಳೆಣಿಕೆಗೆ ಇಳಿಯಿತು.

1913ರ ನವೆಂಬರ್‌ನಲ್ಲಿ ವಿಕ್ಟೋರಿಯಾದ ಕೋರ್ಟಿನಲ್ಲಿ ಒಂದು ಪವಾಡ ನಡೆಯಿತು. ‘ಪನಾಮಾ ಮಾರು’ ಹಡಗಿನಲ್ಲಿ ಬಂದ ಭಾರತೀಯರ ಕೇಸಿನಲ್ಲಿ ಮುಖ್ಯ ನ್ಯಾಯಾಧೀಶ ಗಾರ್ಡನ್ ಹಂಟರ್ ಆ ಎರಡೂ ಆದೇಶಗಳ ಪದಗಳು ಮೂಲ ಕಾಯ್ದೆಗೆ ಹೊಂದಲ್ಲ ಅಂತ ರದ್ದು ಮಾಡಿದರು. ಜನ ಇಳಿದರು. ಸರ್ಕಾರ ಸುಮ್ಮನಿರಲಿಲ್ಲ. ಎರಡೇ ತಿಂಗಳಲ್ಲಿ, 1914ರ ಜನವರಿಯಲ್ಲಿ, ಪದಗಳನ್ನು ತಿದ್ದಿ ಮತ್ತೆ ಹೊರಡಿಸಿತು. ಬಗ್ ಸಿಕ್ಕಿತು, ಪ್ಯಾಚ್ ಹಾಕಿದರು.

ಮುನ್ಷಿ ಸಿಂಗ್ ಅನ್ನೋ ರೈತ

ಕೋಮಗಾಟಾ ಮಾರು ಹಡಗಿನ ಹೆಸರು ನೀವು ಕೇಳಿರುತ್ತೀರಿ. ಗುರ್ದಿತ್ ಸಿಂಗ್ ಅನ್ನುವ ವ್ಯಾಪಾರಿ ಈ ಜಪಾನಿ ಹಡಗನ್ನು ಬಾಡಿಗೆಗೆ ಹಿಡಿದು, ಟಿಕೆಟ್ ಮಾರಿ, 1914ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗಿನಿಂದ ಹೊರಟರು. ಶಾಂಘೈ, ಜಪಾನ್ ದಾಟಿ ಮೇ 23ಕ್ಕೆ ವ್ಯಾಂಕೂವರ್ ತಲುಪಿದಾಗ ಹಡಗಿನಲ್ಲಿದ್ದದ್ದು 376 ಜನ. 340 ಸಿಖ್ಖರು, 24 ಮುಸ್ಲಿಮರು, 12 ಹಿಂದೂಗಳು.

ದಡಕ್ಕೆ ಬಿಡಲಿಲ್ಲ. ಎರಡು ತಿಂಗಳು ಹಡಗು ನೀರಿನಲ್ಲೇ ನಿಂತಿತ್ತು. ಊಟ, ಕುಡಿಯುವ ನೀರಿಗೆ ಪರದಾಟ. ಹಡಗಿನ ಬಾಡಿಗೆಯ ಕಂತು ಬಾಕಿ ಇತ್ತು. ದಡದಲ್ಲಿದ್ದ ಭಾರತೀಯರು ಒಂದು ಸಮಿತಿ ಮಾಡಿಕೊಂಡರು. ಮಿಲ್ಲಿನಲ್ಲಿ ಮರ ಹೊತ್ತು ದುಡಿದ ಹಣ ಒಟ್ಟು ಮಾಡಿ ಬಾಡಿಗೆ ಕಟ್ಟಿದರು, ವಕೀಲರನ್ನು ಇಟ್ಟರು. ತಾವೂ ಒಂದು ಕಾಲದಲ್ಲಿ ಅದೇ ದಡಕ್ಕೆ ಬಂದವರಲ್ಲವೇ.

ಎಲ್ಲರ ಪರವಾಗಿ ಒಬ್ಬನ ಕೇಸು ನಡೆಸೋಣ ಅಂತಾಯಿತು. ಆ ಒಬ್ಬ ಮುನ್ಷಿ ಸಿಂಗ್. ತಾನು ರೈತ ಅಂತ ಹೇಳಿದ. ಅಧಿಕಾರಿಗಳು ಮೂರು ಕಾರಣ ಬರೆದರು. ನೇರ ಪ್ರಯಾಣದಲ್ಲಿ ಬಂದಿಲ್ಲ. ಸ್ವಂತದ 200 ಡಾಲರ್ ಇಲ್ಲ. ಮೂರನೆಯದು, ಇವನು ಕೂಲಿ, ಬ್ರಿಟಿಷ್ ಕೊಲಂಬಿಯಾದ ಬಂದರಿನಲ್ಲಿ ಕೂಲಿಗಳು ಇಳಿಯುವ ಹಾಗಿಲ್ಲ. ಗಮನಿಸಿ, ಅವನು ರೈತ ಅಂದಿದ್ದ, ಇವರ ಕಡತದಲ್ಲಿ ಕೂಲಿ ಆದ. 1914ರ ಜುಲೈ 6ರಂದು ಅಪೀಲು ಕೋರ್ಟಿನ ಐದು ನ್ಯಾಯಾಧೀಶರು ಅವನ ಅರ್ಜಿ ವಜಾ ಮಾಡಿದರು.

‘ಹಂಗಾರೆ ಅವ್ರ ಲೆಕ್ಕದಾಗೆ ನಾವು ಏನೂ ಇಲ್ಲದೋರು ಅನ್ನು.’ ಇದನ್ನು ಓದುವಾಗ ನನ್ನ ಕಿವಿಯಲ್ಲಿ ಕೇಳಿದ್ದು ಅಪ್ಪಾಜಿಯ ದನಿ.

ಮೊದಲೇ ಕೆನಡಾದಲ್ಲಿದ್ದು ವಾಪಸ್ ಬಂದಿದ್ದ ಇಪ್ಪತ್ತು ಚಿಲ್ಲರೆ ಜನರನ್ನು ಬಿಟ್ಟು ಉಳಿದವರನ್ನು ನೌಕಾಪಡೆಯ ಹಡಗು ತಂದು ನಿಲ್ಲಿಸಿ ಜುಲೈ 23ಕ್ಕೆ ವಾಪಸ್ ಕಳಿಸಿದರು. ಅವರು ಭಾರತ ಮುಟ್ಟುವಷ್ಟರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಶುರುವಾಗಿತ್ತು. ಸೆಪ್ಟೆಂಬರ್ 29ರಂದು ಕಲ್ಕತ್ತಾದ ಹತ್ತಿರ ಬಜ್‌ಬಜ್‌ನಲ್ಲಿ ಅವರನ್ನು ಬಲವಂತವಾಗಿ ಪಂಜಾಬಿನ ರೈಲು ಹತ್ತಿಸಲು ಹೋದಾಗ ಗಲಾಟೆಯಾಗಿ ಗೋಲಿಬಾರ್ ನಡೆಯಿತು. ಇಪ್ಪತ್ತರಷ್ಟು ಪ್ರಯಾಣಿಕರು ಸತ್ತರು. ಟಿಕೆಟ್ಟಿನ ದುಡ್ಡು ಹೋಯಿತು, ಆರು ತಿಂಗಳು ಹೋಯಿತು, ಕೆಲವರ ಪ್ರಾಣವೂ ಹೋಯಿತು. ಅವರು ಹೋಗಿ ಮುಟ್ಟಿದ ದೇಶದ ನೆಲದ ಮೇಲೆ ಕಾಲಿಡದೆ.

ಕ್ಷಮೆ, ಅಂಕ, ಮತ್ತೆ ಫೀಸು

ಕಾಲ ಬದಲಾಯಿತು, ನಿಜ. 1951ರಲ್ಲಿ ವರ್ಷಕ್ಕೆ 150 ಭಾರತೀಯರಿಗೆ ಅಂತ ಕೋಟಾ ಬಂತು. 1962ರಲ್ಲಿ ಜನಾಂಗ ನೋಡಿ ಆರಿಸುವುದನ್ನು ಹೆಚ್ಚುಕಡಿಮೆ ಕೈಬಿಟ್ಟರು. 1967ರ ಅಕ್ಟೋಬರ್‌ನಿಂದ ಅಂಕ ಪದ್ಧತಿ. ಓದು, ವಯಸ್ಸು, ಭಾಷೆ, ಕಸುಬು ಇವಕ್ಕೆ ಅಂಕ. ನೂರಕ್ಕೆ 50 ಬಂದರೆ ಪಾಸು. ಬಣ್ಣದ ಕಾಲಂ ಇಲ್ಲ.

ಅದೇ 1967ರಲ್ಲಿ ನಮ್ಮ ಕಡೆಯಲ್ಲೂ ಒಂದು ಬಾಗಿಲು ತೆರೆಯಿತು. ಅಲ್ಲಿಯವರೆಗೆ ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಇಷ್ಟ. ಸತ್ವಂತ್ ಸಿಂಗ್ ಸಾಹ್ನಿ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ಹೇಳಿತು. ಅದರ ಬೆನ್ನಿಗೇ ಪಾಸ್‌ಪೋರ್ಟ್ ಕಾಯ್ದೆ ಬಂತು. ಆ ಕಾಲದಲ್ಲಿ ಹೋದ ಹಿರಿಯರನ್ನು ಕೇಳಿ, ‘ಎಂಟು ಡಾಲರ್ ಇಟ್ಕೊಂಡು ಬಂದ್ವಿ’ ಅಂತಾರೆ. ಅದು ಜಂಬದ ಮಾತಲ್ಲ. ವಿದೇಶಿ ವಿನಿಮಯದ ಬರದಿಂದ ಸರ್ಕಾರ ಜೇಬಿನಲ್ಲಿ ಒಯ್ಯೋಕೆ ಬಿಡುತ್ತಿದ್ದದ್ದೇ ಅಷ್ಟು. ಮುನ್ಷಿ ಸಿಂಗನನ್ನು 200 ಇಲ್ಲ ಅಂತ ಅವರು ವಾಪಸ್ ಕಳಿಸಿದರು, ನಮ್ಮ ಮೇಷ್ಟ್ರ ಕಾಲದವರಿಗೆ ಎಂಟಕ್ಕಿಂತ ಹೆಚ್ಚು ಒಯ್ಯಬೇಡಿ ಅಂತ ನಾವೇ ಹೇಳಿದೆವು. ಈಗ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು, ಇದ್ದರೆ.

ಕ್ಷಮೆಯನ್ನೂ ಕೇಳಿದರು. 2006ರ ಜೂನ್‌ನಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ಚೀನೀಯರ ತಲೆಗಂದಾಯಕ್ಕೆ ಸಂಸತ್ತಿನಲ್ಲಿ ಕ್ಷಮೆ ಕೇಳಿ, ಗಂದಾಯ ಕಟ್ಟಿದವರಲ್ಲಿ ಬದುಕಿದ್ದವರಿಗೆ ಅಥವಾ ಅವರ ಗಂಡ ಹೆಂಡತಿಗೆ 20,000 ಡಾಲರ್ ಕೊಡುವುದಾಗಿ ಹೇಳಿದರು. ಅಷ್ಟು ಹೊತ್ತಿಗೆ ಬದುಕಿದ್ದವರೆಷ್ಟು ಅಂತ ನೀವೇ ಊಹಿಸಿ. 2016ರ ಮೇ 18ರಂದು ಜಸ್ಟಿನ್ ಟ್ರುಡೊ ಕೋಮಗಾಟಾ ಮಾರುವಿಗೆ ಕ್ಷಮೆ ಕೇಳಿದರು.

ಆದರೆ ಫೀಸು? 1995ರಲ್ಲಿ ಬಜೆಟ್ಟಿನ ಕೊರತೆ ತುಂಬಿಸೋಕೆ ಕೆನಡಾ ಹೊಸದೊಂದು ಫೀಸು ಹಾಕಿತು. ನೆಲೆಸುವ ಹಕ್ಕಿಗೆ ತಲೆಗೆ 975 ಡಾಲರ್. ವಿರೋಧಿಸಿದವರು ಇದನ್ನು ಕರೆದಿದ್ದು ಏನಂತ ಗೊತ್ತಾ? ಹೊಸ ಹೆಡ್ ಟ್ಯಾಕ್ಸ್ ಅಂತ. 2006ರಲ್ಲಿ ಅದನ್ನು 490ಕ್ಕೆ ಇಳಿಸಿದರು. ಮೇಲೆ ನಾನು ಗಂದಾಯ ಯಾವತ್ತೂ ಇಳಿಯಲ್ಲ ಅಂದಿದ್ದೆ, ಇದೊಂದು ಸಲ ಇಳಿದಿದೆ, ಒಪ್ಪಿಕೊಳ್ಳುತ್ತೇನೆ. ಮತ್ತೆ ಏರಿ 2024ರ ಏಪ್ರಿಲ್ 30ರಿಂದ 575 ಆಯಿತು. ಆಗ ಅರ್ಜಿ ನೋಡುವ ಫೀಸು ಬೇರೆ, 950 ಇತ್ತು. ಮಗುವಿಗೆ 260. ನನ್ನಂಥ ಮೂರು ಜನರ ಮನೆಗೆ ಆಗ 3,310 ಡಾಲರ್, ಬೆರಳಚ್ಚಿಗೆ 170 ಆಗುತ್ತಿತ್ತು. ಎರಡು ಲಕ್ಷ ರೂಪಾಯಿ ದಾಟುತ್ತಿತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ನಾನು ಮುನ್ಷಿ ಸಿಂಗ್ ಅಲ್ಲ. ಇವತ್ತಿನ ಫೀಸು ಎಲ್ಲ ದೇಶದವರಿಗೂ ಒಂದೇ. ತೋರಿಸುವ ದುಡ್ಡಿಗೂ ಕಾರಣವಿದೆ, ಡಿಸೆಂಬರ್ ಚಳಿಯಲ್ಲಿ ಕೆಲಸವಿಲ್ಲದೆ ಮಗು ಕಟ್ಟಿಕೊಂಡು ಬೀದಿಯಲ್ಲಿ ನಿಲ್ಲಬಾರದಲ್ಲ. ನಾನು ಹೊಟ್ಟೆಗಿಲ್ಲದೆ ಹೊರಟವನೂ ಅಲ್ಲ, ಔಟರ್ ರಿಂಗ್ ರೋಡಿನ ಟ್ರಾಫಿಕ್ ಸಾಕಾಗಿ, ಮಗಳಿಗೆ ಒಳ್ಳೆ ಗಾಳಿ ಸಿಗಲಿ ಅಂತ ಹೊರಟವನು. ಆದರೂ ಒಂದನ್ನು ಮಾತ್ರ ಇತಿಹಾಸ ನನಗೆ ಕಲಿಸಿತು. ಫೀಸಿನ ಪಟ್ಟಿಯಲ್ಲಿ ಬರೆದಿರುವುದಷ್ಟೇ ಖರ್ಚಲ್ಲ.

ಪಟ್ಟಿಯಲ್ಲಿಲ್ಲದ ಸಾಲು

2023ರಲ್ಲಿ ಮಳೆ ಕೈಕೊಟ್ಟಿದ್ದು ನೆನಪಿರಬೇಕಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬರುತ್ತಿತ್ತು. ಊರಿನಲ್ಲಿ ಅಡಿಕೆ ತೋಟಗಳಿಗೂ ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಿದ್ದರು. 2024ರ ಏಪ್ರಿಲ್‌ನಲ್ಲಿ ನಮ್ಮ ಬೋರ್ ನಿಂತಿತು.

ಅಪ್ಪಾಜಿ ಫೋನ್ ಮಾಡಿ ‘ಬೋರು ಗಾಳಿ ಹೊಡೀತೈತೆ’ ಅಂದರು ಅಷ್ಟೇ. ಹೊಸ ಬೋರು ಹಾಕಿಸಬೇಕು ಅಂದರೆ ಕೇಸಿಂಗು, ಮೋಟ್ರು ಎಲ್ಲ ಸೇರಿ ಎರಡು ಲಕ್ಷದ ಮೇಲೆ. ಅವರು ದುಡ್ಡು ಕೇಳಲಿಲ್ಲ. ನಾನೇ ಹೇಳಿದೆ, ‘ಅಪ್ಪಾಜಿ, ಅಕೌಂಟಲ್ಲಿ ಐತೆ, ಆದ್ರೆ ಆರು ತಿಂಗಳು ಮುಟ್ಟೋ ಹಂಗಿಲ್ಲ. ಬ್ಯಾಲೆನ್ಸ್ ಇಳಿದ್ರೆ ಅವರು ಕೇಳ್ತಾರೆ.’

‘ಮುಟ್ಟಬ್ಯಾಡ, ಮುಟ್ಟಬ್ಯಾಡ. ಮಳೆ ಬರ್ತೈತೆ ಬಿಡು’ ಅಂದರು.

ಮಳೆ ಬಂತು, ತಡವಾಗಿ. ಅಷ್ಟರಲ್ಲಿ ಮೇಲಿನ ಒಂದೆಕರೆ ಒಣಗಿತ್ತು. ಅದರ ನಡುವೆ ತೋರಿಸುವ ದುಡ್ಡಿನ ಮೊತ್ತ ಮೂರು ಜನರಿಗೆ 22,483 ಡಾಲರಿಗೆ ಏರಿತು. ನಾನು ಉಳಿದ ಸಂಬಳವನ್ನೂ ಅದಕ್ಕೇ ತುಂಬಿದೆ. ಜುಲೈನಲ್ಲಿ ಊರಿಗೆ ಹೋದಾಗ ಸುಳಿ ಬಾಡಿದ ಮರಗಳನ್ನು ಕಡಿದು ಬದುವಿನ ಮೇಲೆ ಒಟ್ಟಿದ್ದರು. ನಾನು ಪಿಯುಸಿ ಓದುವಾಗ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ ಸಸಿಗಳು ಅವು. ಅವ್ವ ಏನೂ ಮಾತಾಡಲಿಲ್ಲ. ಕಾಫಿ ಕೊಟ್ಟು, ‘ಅಲ್ಲಿ ಚಳಿ ಜಾಸ್ತಿಯಂತೆ, ಪಾಪುಗೆ ಉಲ್ಲನ್ ತಗೊಂಡ್ಯಾ?’ ಅಂತ ಕೇಳಿದಳು.

ನಮ್ಮ ಅಂಕ 478. 2024ರಲ್ಲಿ ಎಲ್ಲರಿಗೂ ತೆರೆದಿದ್ದ ಸುತ್ತುಗಳ ಕಟ್-ಆಫ್ 520ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆಹ್ವಾನ ಬರಲಿಲ್ಲ. ಹನ್ನೆರಡು ತಿಂಗಳಿಗೆ ಪ್ರೊಫೈಲ್ ತಾನಾಗೇ ಮುಗಿಯಿತು. ಎರಡು ಲಕ್ಷದ ಫೀಸು ಉಳಿಯಿತು. ಹದಿಮೂರು ಲಕ್ಷವೂ ಹಾಗೇ ಇತ್ತು, ಬಡ್ಡಿ ಸಮೇತ. ಶೀಟಿನಲ್ಲಿ ನೋಡಿದರೆ ನನಗೆ ಆದ ನಷ್ಟ ಪರೀಕ್ಷೆ ಫೀಸು, ಸರ್ಟಿಫಿಕೇಟು ಅಂತ ಲಕ್ಷದೊಳಗೇ. ಒಂದೆಕರೆ ಅಡಿಕೆ ಆ ಶೀಟಿನಲ್ಲಿ ಎಲ್ಲೂ ಇರಲಿಲ್ಲ.

ಇದಕ್ಕೆ ನಾನು ಯಾರನ್ನೂ ದೂರಲ್ಲ. ದುಡ್ಡು ನನ್ನದು, ಮುಟ್ಟಲ್ಲ ಅಂದವನೂ ನಾನೇ. ನಿಯಮ ಓದಿದ್ದೆ, ಲೆಕ್ಕ ಹಾಕಿದ್ದೆ, ತೋಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮುನ್ಷಿ ಸಿಂಗನ ಕಡತದಲ್ಲಿ ‘ರೈತ’ ಅನ್ನೋದನ್ನು ಅಳಿಸಿದವರು ಬೇರೆಯವರು. ನನ್ನ ಶೀಟಿನಲ್ಲಿ ಅದನ್ನು ಬಿಟ್ಟವನು ನಾನು.

ನೀವೂ ಈಗ ಎಲ್ಲಿಗಾದರೂ ಅರ್ಜಿ ಹಾಕಲು ಶೀಟು ತೆರೆದು ಕೂತಿದ್ದರೆ, ಹಾಕಿ, ಬೇಡ ಅನ್ನಲ್ಲ. 50 ಸೆಂಟ್ ಇದ್ದಾಗಲೂ, 500 ಡಾಲರ್ ಇದ್ದಾಗಲೂ ಜನ ಹೋಗಿದ್ದಾರೆ, ಮುಂದೆಯೂ ಹೋಗುತ್ತಾರೆ. ಕಟ್ಟುವ ದುಡ್ಡಿನ ಕೆಳಗೆ ಕೂಡಿಟ್ಟು ಮುಟ್ಟದೇ ಬಿಡುವ ದುಡ್ಡಿಗೂ ಒಂದು ಸಾಲು ಬರೆಯಿರಿ. ಆ ದುಡ್ಡು ಇಲ್ಲದೆ ಈ ವರ್ಷ ಮನೆಯಲ್ಲಿ ಯಾವುದು ನಿಲ್ಲುತ್ತದೆ, ಯಾರು ‘ಬಿಡು, ಆಮೇಲೆ ನೋಡೋಣ’ ಅಂತಾರೆ, ಅದನ್ನು ಅದರ ಪಕ್ಕದಲ್ಲಿ ಬರೆಯಿರಿ. ಅಪ್ಪ ಅಮ್ಮ ಕೇಳಲ್ಲ, ನೀವೇ ಕೇಳಬೇಕು.

2025ರ ಫೆಬ್ರವರಿಯಲ್ಲಿ ಬೋರ್ ಹಾಕಿಸಿದೆವು. ಎರಡಿಂಚು ನೀರು ಬಿತ್ತು. ಅಪ್ಪಾಜಿ ಒಣಗಿದ ಎಕರೆಗೆ ಹೊಸ ಸಸಿ ಇಟ್ಟಿದ್ದಾರೆ. ಫಸಲು ಕಾಣಬೇಕಾದರೆ ಇನ್ನೂ ಐದಾರು ವರ್ಷ. ಮತ್ತೆ ಅರ್ಜಿ ಹಾಕ್ತೀವಾ ಇಲ್ವಾ ಅಂತ ನಾನು, ನನ್ನ ಹೆಂಡತಿ ಇನ್ನೂ ತೀರ್ಮಾನ ಮಾಡಿಲ್ಲ. ‘ಪಿಆರ್ ಖರ್ಚು ಫೈನಲ್ 4’ ಅಂತ ಒಂದು ಫೈಲು ಮಾತ್ರ ಮಾಡಿಟ್ಟಿದ್ದೇನೆ. ಅದರ ಮೊದಲ ಸಾಲು ‘ತೋಟ’.